ಅಪಿಸಾಲೋಮೆಯ ಎದೆಬಡಿತ ಊರು ಸುತ್ತಿದ್ದು

ನಮ್ಮ ವಾಟುಲೆಕಾ ಊರಿನ ಕ್ಯಾಪ್ಟನ್ ಅಪಿಸಾಲೋಮೆ ಒಂದು ಭಾನುವಾರ ಚರ್ಚಿನ ಮೂರನೇ ಬೆಂಚಿನಲ್ಲಿ ಕೂತ ಜಾಗದಿಂದ ಕದಲದೆ ಹದಿನಾಲ್ಕು ಸಾವಿರ ಹೆಜ್ಜೆ ನಡೆದ. ಇದು ನಾನು ಕಟ್ಟಿದ ಮಾತಲ್ಲ, ಆರೋಗ್ಯ ಕೇಂದ್ರದ ದಾಖಲೆಯಲ್ಲಿದೆ. ಅದೇ ದಾಖಲೆಯ ಪ್ರಕಾರ ಮಾರನೆಯ ದಿನ ಅವನು ಹತ್ತೊಂಬತ್ತು ಕಿಲೋಮೀಟರ್ ಓಡಿದ. ನಮ್ಮ ದ್ವೀಪದ ಉದ್ದವೇ ಎರಡು ಕಿಲೋಮೀಟರ್. ಅಪಿಸಾಲೋಮೆಗೆ ವಯಸ್ಸು ಐವತ್ತೆಂಟು, ತೂಕ ನೂರಾ ಹದಿನೆಂಟು ಕಿಲೋ. ಅವನು ಕೊನೆಯ ಸಲ ಓಡಿದ್ದು ಮದುವೆಗೆ ಮುಂಚೆ, ಅದೂ ಕಣಜದ ಹುಳುಗಳು ಅಟ್ಟಿಸಿಕೊಂಡು ಬಂದಾಗ.

ಇದನ್ನೆಲ್ಲ ಹೇಳುವ ಹಕ್ಕು ನನಗಿದೆ. ನಾನು ಯೋನಾ, ಅವನ ಬೋಟಿನ ಎಂಜಿನ್ ನೋಡಿಕೊಳ್ಳುವವನು. ಬೋಟಿನಲ್ಲಿ ಯೋನಾ ಎಂಬ ಹೆಸರಿನವನಿದ್ದರೆ ದೊಡ್ಡ ಮೀನು ಬಂದು ನುಂಗುತ್ತದೆ ಎಂದು ಬೈಬಲ್ ಓದಿದ ಮುದುಕಿಯರು ಈಗಲೂ ಗೊಣಗುತ್ತಾರೆ. ಹನ್ನೆರಡು ವರ್ಷದಿಂದ ಯಾವ ಮೀನೂ ನನ್ನ ಕಡೆ ಬಾಯಿ ತೆರೆದಿಲ್ಲ. ಕಾರಣ ಅಪಿಸಾಲೋಮೆ. ಬೆಳಿಗ್ಗೆ ಏಳಕ್ಕೆ ಇಪ್ಪತ್ತಮೂರು ಮಕ್ಕಳನ್ನು ಹತ್ತಿಸಿಕೊಂಡು, ಹವಳದ ದಿಬ್ಬದ ನಡುವಿನ ಸಂದಿಯಲ್ಲಿ ಬೋಟು ನುಗ್ಗಿಸಿ, ದೊಡ್ಡ ದ್ವೀಪದ ಶಾಲೆಗೆ ಬಿಟ್ಟು, ಸಂಜೆ ವಾಪಸು ತರುವುದು ಅವನ ಕೆಲಸ. ಆ ಸಂದಿ ಎಂದರೆ ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ನಿಲ್ಲಬೇಕು, ಅಷ್ಟೇ ಅಗಲ. ಅಪಿಸಾಲೋಮೆ ನೀರಿನ ಬಣ್ಣ ನೋಡಿ ಬೋಟು ನಡೆಸುತ್ತಾನೆ. ಒಂದು ಮಗುವಿನ ಪುಸ್ತಕವೂ ಇದುವರೆಗೆ ಒದ್ದೆಯಾಗಿಲ್ಲ.

ಅವನ ಕಷ್ಟ ಶುರುವಾದದ್ದು ಚರ್ಚಿನ ಸಂತೆಯ ದಿನ. ಹೆಂಗಸರೆಲ್ಲ ಮರಗೆಣಸು ಸುಲಿಯುತ್ತ ಕೂತಿದ್ದರು. ಅವರ ಎದುರಿಗೆ ಈ ಪುಣ್ಯಾತ್ಮ ನಲವತ್ತು ಕುದುರೆಶಕ್ತಿಯ ಎಂಜಿನ್ನನ್ನು ಒಬ್ಬನೇ ಹೆಗಲಿಗೆ ಎತ್ತಿಕೊಂಡ. ನಾಲ್ಕು ಹೆಜ್ಜೆ ರಾಜನ ಹಾಗೆ ನಡೆದ. ಐದನೆಯದಕ್ಕೆ ಎಂಜಿನ್ ಒಂದು ಕಡೆ, ಇವನು ಒಂದು ಕಡೆ ಕೂತರು. ಮುಖ ಬೇಯಿಸಿದ ಕೆಸುವಿನ ಗೆಡ್ಡೆಯ ಬಣ್ಣಕ್ಕೆ ತಿರುಗಿತು. ಸಂತೆಗೆಂದು ದೊಡ್ಡ ದ್ವೀಪದ ಆರೋಗ್ಯ ಕೇಂದ್ರದಿಂದ ಬಂದಿದ್ದ ನರ್ಸ್ ಕಿನಿಸಿಮೇರೆ ನಾಡಿ ಹಿಡಿದು ನೋಡಿದಳು, ತುಟಿ ಬಿಗಿದಳು, ಮೇಲಿನವರಿಗೆ ಬರೆದಳು. ಮೂರು ವಾರಕ್ಕೆ ಉತ್ತರ ಬಂತು. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಕ್ಯಾಪ್ಟನ್ ಮೂವತ್ತು ದಿನ ಹೃದಯ ಅಳೆಯುವ ಕೈಗಡಿಯಾರ ಕಟ್ಟಬೇಕು. ಬಡಿತ ಸರಿಯಿದ್ದರೆ ಲೈಸೆನ್ಸ್ ಉಂಟು, ಇಲ್ಲವಾದರೆ ಇಲ್ಲ.

ನರ್ಸ್ ಅಮ್ಮ ತಾನೇ ಬಂದು ಅವನ ಮಣಿಕಟ್ಟಿಗೆ ವಾಚು ಬಿಗಿದಳು. ದಪ್ಪ ಕೈ, ಕೊನೆಯ ತೂತಿಗೆ ಎಳೆದು ಕೂರಿಸಬೇಕಾಯಿತು.

"ಇದು ನಿಮ್ಮ ರಕ್ತದ ಓಟ ನೋಡುತ್ತೆ, ಕ್ಯಾಪ್ಟನ್. ಹಗಲೂ ರಾತ್ರಿ ನನ್ನ ಟ್ಯಾಬ್‌ಗೆ ಸುದ್ದಿ ಕಳಿಸ್ತಾ ಇರುತ್ತೆ. ಬಿಚ್ಚಿ ಮೇಜಿನ ಮೇಲೆ ಇಟ್ರೋ, ಅಲ್ಲಿಗೆ ಲೈಸೆನ್ಸ್ ಕಥೆ ಮುಗೀತು."

"ಮೇಜಿನ ಮೇಲೆ ಇಡಲ್ಲಮ್ಮ, ದೇವರಾಣೆ," ಎಂದ ಅಪಿಸಾಲೋಮೆ. ಆ ಆಣೆಯನ್ನು ಅವನು ಕೊನೆಯವರೆಗೆ ಉಳಿಸಿಕೊಂಡ ಎನ್ನುವುದನ್ನು ನೀವು ಮರೆಯಬಾರದು.

ಲೈಸೆನ್ಸ್ ಹೋದರೆ ಬೋಟು ಯಾರಿಗೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನ ಹೆಂಡತಿಯ ತಮ್ಮ ಎಮೋರಿಗೆ. ಎಮೋರಿಗೂ ಹಳೆಯದೊಂದು ಲೈಸೆನ್ಸ್ ಇದೆ, ಯಾರು ಕೊಟ್ಟರೋ ಅವರಿಗೇ ಗೊತ್ತು. ಅವನು ನೀರು ನೋಡಿ ಬೋಟು ನಡೆಸುವವನಲ್ಲ. ಅಪಿಸಾಲೋಮೆಯ ಜಗುಲಿಗೆ ಒಂದು ಕೆಂಪು ಪರದೆ ಇದೆ. ಸಮುದ್ರದಿಂದ ನೋಡಿದರೆ ಆ ಪರದೆ ಚರ್ಚಿನ ಗೋಪುರದ ನೇರಕ್ಕೆ ಬಂದಾಗ ಬೋಟಿನ ಮೂತಿ ತಿರುಗಿಸಬೇಕು, ಇಷ್ಟೇ ಅವನ ವಿದ್ಯೆ. ಎರಡು ವರ್ಷದ ಕೆಳಗೆ ಅಕ್ಕ ಮೆರೆವಲೇಸಿ ಪರದೆಯನ್ನು ಒಗೆಯಲು ಹಾಕಿದ ದಿನ ಎಮೋರಿ ಹಾಡಹಗಲಲ್ಲಿ ಹನ್ನೊಂದು ಮೂಟೆ ಗೆಣಸಿನ ಸಮೇತ ದಿಬ್ಬದ ಮೇಲೆ ಹತ್ತಿ ಕೂತ. ಎರಡು ವಾರ ಊರಿಡೀ ಉಪ್ಪು ಗೆಣಸು ತಿಂದೆವು. ಅವನು ಇಂದಿಗೂ ತಪ್ಪೆಲ್ಲ ಅಕ್ಕನ ಸಾಬೂನಿನದು ಎನ್ನುತ್ತಾನೆ.

ಇರಲಿ. ವಾಚು ಬಂದ ಮೇಲೆ ಅಪಿಸಾಲೋಮೆ ತೆಪ್ಪಗೆ ಇರಬೇಕೋ ಬೇಡವೋ? ಉದ್ದ ತೋಳಿನ ಅಂಗಿಯ ಎಡತೋಳನ್ನು ಮಾತ್ರ ಮೊಣಕೈವರೆಗೆ ಮಡಚಿಕೊಂಡು ಊರು ಸುತ್ತಿದ. ಕೈ ಕುಲುಕಲು ಎಡಗೈ ಚಾಚಿದ. ಸಂಜೆ ಗಂಡಸರೆಲ್ಲ ಯಂಗೋನಾ ಎಂಬ, ಮೈಯನ್ನು ಮಂದ ಮಾಡುವ ಬೇರಿನ ಪಾನಕದ ದೊಡ್ಡ ಬಟ್ಟಲಿನ ಸುತ್ತ ಕೂತಾಗ ವಾಚಿನ ಹಸಿರು ದೀಪ ಮಿಣಮಿಣ ಎನ್ನುವಂತೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಸರ್ಕಾರ ನನ್ನ ಎದೆ ಜೊತೆ ನೇರ ಮಾತಾಡ್ತಾ ಇದೆ," ಎಂದ.

ಎಮೋರಿ ತೆಂಗಿನ ಕರಟದಲ್ಲಿದ್ದುದನ್ನು ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು, ಮೂರು ಸಲ ಚಪ್ಪಾಳೆ ತಟ್ಟಿ ಹೇಳಿದ: "ಚಂದ ಇದೆ ಭಾವ. ಕೆರೆಕೆರೆ, ಒಂದಿನ ಕೊಡು."

ಅಲ್ಲಿಗೆ ಮುಗಿಯಿತು. ನಮ್ಮ ಫಿಜಿಯಲ್ಲಿ ನೆಂಟನೊಬ್ಬ ಕೆರೆಕೆರೆ ಎಂದು ಬಾಯಿ ಬಿಟ್ಟರೆ ಕೊಡಬೇಕು. ಅದು ಭಿಕ್ಷೆಯಲ್ಲ, ಸಾಲವಲ್ಲ, ನೆಂಟಸ್ತನ. ಇಲ್ಲ ಅಂದವನ ಮನೆಯ ಮುಂದೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ, ಅವನ ಮೊಮ್ಮಕ್ಕಳನ್ನೂ "ಇಲ್ಲ ಅಂದವನ ಮೊಮ್ಮಕ್ಕಳು" ಎಂದೇ ಕರೆಯುತ್ತಾರೆ. ನನ್ನ ಹದಿನಾಲ್ಕು ನಂಬರಿನ ಸ್ಪ್ಯಾನರ್ ಮೂರು ವರ್ಷದಿಂದ ಈ ನೆಂಟಸ್ತನದ ದೆಸೆಯಿಂದ ಊರು ಸುತ್ತುತ್ತಿದೆ. ಇನ್ನು ನಮ್ಮೂರಿನಲ್ಲಿ ಒಬ್ಬರಿಗೊಬ್ಬರು ನೆಂಟರಲ್ಲದವರು ಯಾರಿದ್ದಾರೆ? ಹಂದಿಗಳು ಮಾತ್ರ.

ಅಪಿಸಾಲೋಮೆ ಒಂದು ಕ್ಷಣ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಅವನು ವಾಚು ಬಿಚ್ಚಿ ಎಮೋರಿಯ ಕೈಗೆ ಕಟ್ಟಿದ.

ದಾರಿಯಲ್ಲಿ ನಾನು ಅವನನ್ನು ಹಿಡಿದುಕೊಂಡೆ. "ಕ್ಯಾಪ್ಟನ್, ತಲೆ ನೆಟ್ಟಗಿದೆಯಾ? ಅದು ನಿನ್ನ ಎದೆ ನೋಡೋಕೆ ಕೊಟ್ಟದ್ದು!"

"ನರ್ಸಮ್ಮ ಏನಂದ್ಲು? ರಕ್ತ ನೋಡುತ್ತೆ ಅಂದ್ಲು ತಾನೆ? ನಾನು, ಎಮೋರಿ, ನೀನು, ಎಲ್ಲಾ ಒಂದೇ ಮುತ್ತಜ್ಜನ ರಕ್ತ. ಯಾರ ಕೈಯಲ್ಲಿದ್ರೇನು? ಮೇಜಿನ ಮೇಲಂತೂ ಇಟ್ಟಿಲ್ಲ."

ಇದಕ್ಕೆ ಏನು ಹೇಳುತ್ತೀರಿ?

ವಾಚು ಬೀದಿಗೆ ಬಿತ್ತು. ಶನಿವಾರ ಎಮೋರಿಯಿಂದ ವಾಪಸು ಬಂದದ್ದೇ ತಡ, ಭಾನುವಾರ ಮೆರೆವಲೇಸಿ ಗಂಡನನ್ನು ಕೇಳಿದಳು. ಅವಳು ಚರ್ಚಿನ ಹಾಡಿನ ತಂಡದ ಮುಂದೆ ನಿಂತು ಕೈ ಬೀಸುವವಳು. ಬಿಳಿ ಉಡುಪಿಗೆ ಕಪ್ಪು ವಾಚು ಒಪ್ಪುತ್ತದಂತೆ. ಏಳು ಹಾಡಿಗೆ ಅವಳು ಬೀಸಿದ ಕೈಯನ್ನೆಲ್ಲ ವಾಚು ಹೆಜ್ಜೆ ಎಂದು ಬರೆದುಕೊಂಡಿತು. ಸೋಮವಾರ ಅಪಿಸಾಲೋಮೆಯ ತಂಗಿಯ ಮಗ ರಸಿಯಾತೆ ಬಂದ. ಬಾಗಿಲಲ್ಲಿ ಬಗ್ಗಿ, ಓರೆಯಾಗಿ ಒಳಗೆ ಬರಬೇಕಾದ ಆಳು, ರಗ್ಬಿ ತಂಡದ ಮುಂದಾಳು. ನಮ್ಮಲ್ಲಿ ಸೋದರಮಾವನ ಮನೆಯಲ್ಲಿ ಅಳಿಯನು ಕೇಳದೆಯೇ ಏನು ಬೇಕಾದರೂ ಎತ್ತಿಕೊಳ್ಳಬಹುದು. ಅವನು ಕೇಳಿದ್ದೇ ದೊಡ್ಡತನ. ಬುಧವಾರ ಪ್ರಾರ್ಥನೆಗೆ ಮುಂಚೆ ಪಾದ್ರಿಗಳು ಕೆಮ್ಮಿ, "ಉಪದೇಶದ ಹೊತ್ತು ಸಮಯ ನೋಡೋದಕ್ಕೆ ಒಂದು..." ಎಂದು ರಾಗ ಎಳೆದರು. ದೇವರ ಮನುಷ್ಯನಿಗೆ ಇಲ್ಲ ಎನ್ನಲಾದೀತೆ? ಮೂರನೆಯ ವಾರಕ್ಕೆ ವಾಚು ಕಟ್ಟದ ಕೈ ಊರಲ್ಲಿ ಎರಡೇ ಉಳಿದಿದ್ದವು. ಒಂದು ನನ್ನದು. ಇನ್ನೊಂದು ಅಪಿಸಾಲೋಮೆಯದು, ಅವನಿಗೆ ಮತ್ತೆ ಸರದಿಯೇ ಬರುತ್ತಿರಲಿಲ್ಲ.

ಒಂದು ದಿನ ದೊಡ್ಡ ದ್ವೀಪದ ಕಟ್ಟೆಯ ಮೇಲೆ ನರ್ಸ್ ಟ್ಯಾಬ್ ಹಿಡಿದು ಕಾಯುತ್ತಿದ್ದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅಪಿಸಾಲೋಮೆ ಎಡತೋಳನ್ನು ಸರಕ್ಕನೆ ಇಳಿಸಿ ಗುಂಡಿ ಹಾಕಿಕೊಂಡ.

"ಕ್ಯಾಪ್ಟನ್, ಸೋಮವಾರ ಸಂಜೆ ಐದಕ್ಕೆ ಏನು ಮಾಡ್ತಾ ಇದ್ರಿ?"

"ಊಟ ಮಾಡ್ತಿದ್ದೆ."

"ಬಡಿತ ನೂರಾ ಎಂಬತ್ತೆಂಟು!"

"ಮೀನು ಚೆನ್ನಾಗಿತ್ತು, ಸಿಸ್ಟರ್."

"ಅದಕ್ಕೆ ಮುಂಚೆ ಒಂದು ಶುಕ್ರವಾರ ಎಂಟು ಗಂಟೆಗೆ ನಲವತ್ತಾರು. ಆಮೆ ಎದೆ ಬಡಿಯೋದು ಹಾಗೆ, ಮನುಷ್ಯರದ್ದಲ್ಲ. ಬುಧವಾರ ಪ್ರಾರ್ಥನೆ ಹೊತ್ತಿಗೆ ನೂರಾ ಅರವತ್ತೈದು. ದೇವರ ಮುಂದೆ ಕೂತು ಏನು ಯೋಚನೆ ಮಾಡ್ತೀರಿ ನೀವು?"

ಅಪಿಸಾಲೋಮೆ ನನ್ನ ಕಡೆ ತಿರುಗಿದ. ನಾನು ಎಂಜಿನ್ನಿನ ಮುಚ್ಚಳ ತೆಗೆದು ಅದರೊಳಗೆ ತಲೆ ಹಾಕಿದೆ.

"ನನಗೆ ಭಯ ಆಗ್ತಿದೆ," ಎಂದಳು ನರ್ಸ್. "ನಗರದ ಡಾಕ್ಟರ್ ನಾಪೊಲಿಯೊನಿ ಅವರಿಗೆ ಎಲ್ಲ ಕಳಿಸಿದೀನಿ. ಇಂಥ ಹೃದಯ ಮೂವತ್ತು ವರ್ಷದಲ್ಲಿ ನೋಡಿಲ್ಲ ಅಂದ್ರು. ಗುರುವಾರ ಅವರೇ ಬರ್ತಾರಂತೆ. ಅಲ್ಲಿತನಕ ನೀವು ಹಾಸಿಗೆ ಬಿಟ್ಟು ಏಳಬಾರದು. ಚುಕ್ಕಾಣಿ ಮುಟ್ಟಲೇಬಾರದು."

ವಾಪಸು ಬರುವಾಗ ನಾನು ಕೇಳಿದೆ: "ನಿಜ ಹೇಳಿಬಿಡಬಾರ್ದಾ?"

"ಹೇಳಿದ್ರೆ ವಾಚು ಬಿಚ್ಚಿದ ತಪ್ಪಿಗೆ ಲೈಸೆನ್ಸ್ ಹೋಗುತ್ತೆ. ಹೇಳದೆ ಇದ್ರೆ ರೋಗಿ ಅಂತ ಹೋಗುತ್ತೆ." ಎದೆ ಸವರಿಕೊಂಡ. "ಅಲ್ಲದೆ ಯೋನಾ, ಒಂದೇ ರಕ್ತ ಅಂದ್ಮೇಲೆ, ಅವರೆಲ್ಲರ ಎದೇಲಿ ಆಗಿದ್ದು ನನ್ನೆದೆಲೂ ಒಂಚೂರು ಆಗಿರಬಹುದು. ಯಾಕೋ ಸುಸ್ತು ಅನ್ನಿಸ್ತಿದೆ."

ಮನೆಗೆ ಹೋಗಿ ಚಾಪೆಯ ಮೇಲೆ ಮಲಗಿದ. ಊರು ಎದ್ದು ನಿಂತಿತು.

ನಗರದಿಂದ ಡಾಕ್ಟರು ತಾವಾಗಿ ಬರುತ್ತಾರೆ ಎಂದರೆ ಸುಮ್ಮನೆ ಮಾತೇ? ಊರ ಮುಖಂಡನ ಕಾಲು ಮುರಿದಾಗಲೂ ಬಂದಿರಲಿಲ್ಲ. ಸಂಜೆಯೊಳಗೆ ಅಪಿಸಾಲೋಮೆ ಗುರುವಾರದವರೆಗೆ ಮಾತ್ರ ಎಂದು ಊರು ನಿರ್ಧರಿಸಿತು. ಹೆಂಗಸರು ಹೆಣಕ್ಕೆ ಸುತ್ತುವ ಚಾಪೆ ನೇಯಲು ಕೂತರು. ಹಾಡಿನ ತಂಡ ಶೋಕಗೀತೆಗಳನ್ನು ಅಭ್ಯಾಸ ಮಾಡಿತು. ಮೆರೆವಲೇಸಿ ಅಳುತ್ತಲೇ ಕೈ ಬೀಸಿ, "ಎರಡನೇ ದನಿ ಶ್ರುತಿ ಬಿಡ್ತಿದೆ, ನನ್ನ ಗಂಡನಿಗೆ ಅವಮಾನ ಮಾಡಬೇಡಿ" ಎಂದು ಗದರಿಸಿದಳು. ರಸಿಯಾತೆಯ ತಂಡದವರು ಭಾನುವಾರದ ಸಾವಿನ ಊಟಕ್ಕೆ ಹಂದಿ ಸುಡುವ ಗುಂಡಿಗೆ ಕಲ್ಲು ಹೊತ್ತರು. ಎಷ್ಟು ಹಂದಿ ಎಂಬ ಬಗ್ಗೆ ಅಪಿಸಾಲೋಮೆಯನ್ನೇ ಕೇಳಿದರು. ಅವನು "ಎರಡು ಸಾಕು" ಎಂದ. ನಾಲ್ಕಾದರೂ ಬೇಡವೇ ಎಂದು ಎಲ್ಲರಿಗೂ ಬೇಸರವಾಯಿತು.

ಮೊದಲು ಬಂದವನು ಎಮೋರಿ. ಚಾಪೆಯ ಪಕ್ಕ ಕೂತು, ಭಾವನ ಪಾದ ಹಿಡಿದು ಐದು ನಿಮಿಷ ಅತ್ತ. ನಿಜವಾಗಿಯೇ ಅತ್ತ, ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಮೂಗು ಒರೆಸಿಕೊಂಡು, "ಭಾವ, ಆ ಕ್ಯಾಪ್ಟನ್ ಟೋಪಿ..." ಎಂದ.

"ಅದಕ್ಕೇನಾಯ್ತು?"

"ಕೆರೆಕೆರೆ. ಆಮೇಲೆ ಕೇಳೋಕೆ ನೀನಿರಲ್ಲವಲ್ಲ. ನಿನ್ನ ಕೈಯಾರೆ ಕೊಟ್ರೆ ನನ್ನ ಮನಸ್ಸಿಗೆ ಸಮಾಧಾನ."

ಕೊಟ್ಟ. ಟೋಪಿ ಎಮೋರಿಯ ಕಿವಿಯವರೆಗೆ ಇಳಿಯಿತು. ಅದನ್ನು ಹಾಕಿಕೊಂಡು ಅವನು ಊರ ನಡುವೆ ಹಾದುಹೋದದ್ದೇ ತಪ್ಪಾಯಿತು. ಎಲ್ಲರಿಗೂ ತಮ್ಮ ತಮ್ಮ ಸಮಾಧಾನ ನೆನಪಾಯಿತು. ಬಂದರು, ಅತ್ತರು, ಕೇಳಿದರು. ಲಾಟೀನು ಹೋಯಿತು. ಮೀನಿನ ಬಲೆ ಹೋಯಿತು. ನಾಲ್ಕೂ ಕುರ್ಚಿ, ರೇಡಿಯೋ, ಗೋಡೆಯ ಗಡಿಯಾರ, ಎರಡು ಕೋಳಿ. ಪಾದ್ರಿಗಳು ಧೈರ್ಯ ಹೇಳಲು ಬಂದು ಛತ್ರಿ ತೆಗೆದುಕೊಂಡು ಹೋದರು. ಅಪಿಸಾಲೋಮೆ ಮಲಗಿದಂದಿನಿಂದ ಬೋಟು ನಡೆಸುತ್ತಿದ್ದ ಎಮೋರಿ ಬುಧವಾರ ಮತ್ತೆ ಬಂದ. ಬೋಟಿನ ಸೀಟು ಗಟ್ಟಿ, ಸೊಂಟ ನೋಯುತ್ತೆ, ಜಗುಲಿಯ ಕೆಂಪು ಪರದೆ ಮಡಚಿ ಹಾಕಿಕೊಂಡರೆ ಮೆತ್ತಗಿರುತ್ತೆ ಎಂದ. ಕೊಟ್ಟ. ಆ ವಾರ ವಾಚೂ ಎಮೋರಿಯ ಹತ್ತಿರವೇ ಇತ್ತು. ಅದರ ಮುಂದಿನ ಕಥೆ ಕೇಳಿ.

ಮೆರೆವಲೇಸಿ ಬರಿಗೋಡೆಗಳ ನಡುವೆ ನಿಂತು ಸೊಂಟಕ್ಕೆ ಕೈ ಕೊಟ್ಟಳು. "ಸಾಯೋನು ಸಾಯ್ತೀಯ, ನಾನು ಎಲ್ಲಿ ಕೂತು ಅಳಲಿ? ಒಂದು ಕುರ್ಚಿನಾದ್ರೂ ಉಳಿಸಬಾರದಾ?"

"ಕೇಳ್ತಾರೆ ಕಣೇ."

"ಇಲ್ಲ ಅನ್ನು!"

ಅಪಿಸಾಲೋಮೆ ಅವಳನ್ನು ಹುಚ್ಚು ಹಿಡಿದವಳನ್ನು ನೋಡುವಂತೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಸಾಮಾನು ಹೋದ್ರೆ ಹೋಗ್ಲಿ, ಯೋನಾ. ಆ ಮಕ್ಕಳದ್ದೇ ಯೋಚನೆ. ಎಮೋರಿ ನೀರು ನೋಡಲ್ಲ." ಅವನ ಕಣ್ಣು ತುಂಬಿತ್ತು. ಅದುವರೆಗೆ ನಗುತ್ತಿದ್ದ ನಾನು ಎದ್ದು, ಎಮೋರಿಗೆ ನೀರು ಇಳಿಯುವ ಹೊತ್ತು ಹೇಳಲು ಹೋದೆ.

ಗುರುವಾರ ಬೆಳಿಗ್ಗೆ ನೀರು ತುಂಬಿದ್ದಾಗ ಸರ್ಕಾರಿ ಹಡಗು ಡಾಕ್ಟರ್ ನಾಪೊಲಿಯೊನಿಯವರನ್ನೂ ನರ್ಸನ್ನೂ ಇಳಿಸಿ ಮುಂದಿನ ದ್ವೀಪಕ್ಕೆ ಹೋಯಿತು. ಡಾಕ್ಟರು ಕುಳ್ಳಗೆ, ದುಂಡಗೆ, ಬೂದು ಬಣ್ಣದ ಸುಲು ಪಂಚೆ ಉಟ್ಟು, ಟೈ ಕಟ್ಟಿದ್ದರು. ಸ್ವಾಗತದ ಯಂಗೋನಾ ಮುಗಿಯುವ ಹೊತ್ತಿಗೆ ಎರಡು ಗಂಟೆ. ಅವರ ಪೆಟ್ಟಿಗೆಗಳನ್ನು ಹೊರಲು ಮುಖಂಡ ನನ್ನನ್ನು ಕರೆದ. ಅದೇ ಹೊತ್ತಿಗೆ ಎಮೋರಿ ಸದ್ದಿಲ್ಲದೆ ಬೋಟು ಬಿಟ್ಟುಕೊಂಡು ಹೋಗಿದ್ದ, ನನ್ನನ್ನು ಬಿಟ್ಟು! ಬೆಳಿಗ್ಗೆ ತುಂಬು ನೀರಲ್ಲಿ ಹೇಗೋ ದಾಟಬಹುದು, ಆದರೆ ಆ ದಿನ ಮೂರಕ್ಕೆ ನೀರು ಪೂರಾ ಇಳಿದಿರುತ್ತದೆ, ಮಕ್ಕಳ ಜೊತೆ ನಾಲ್ಕೂವರೆಯವರೆಗೆ ಆ ಕಡೆಯೇ ಕಾಯಬೇಕು ಎಂದು ನಾನು ಎರಡು ಸಲ ಹೇಳಿದ್ದೆ. ಆದರೆ ನಗರದ ಡಾಕ್ಟರು ದಡದಲ್ಲಿರುವಾಗಲೇ ಟೋಪಿ ಹಾಕಿಕೊಂಡು ಠೀವಿಯಿಂದ ಬಂದಿಳಿಯಬೇಕು ಎಂಬುದು ಅವನ ಆಸೆ.

ಡಾಕ್ಟರು ಮನೆಯೊಳಗೆ ಬಂದು ಕೂರಲು ಜಾಗ ಹುಡುಕಿದರು. ತೆಂಗಿನಕಾಯಿ ತುರಿಯುವ ಮಣೆಯೊಂದು ಉಳಿದಿತ್ತು, ಅದರ ಹಲ್ಲು ಮುರಿದಿದ್ದರಿಂದ ಯಾರೂ ಕೇಳಿರಲಿಲ್ಲ. ಅದರ ಮೇಲೆ ಕೂತು ಅಪಿಸಾಲೋಮೆಯ ಎದೆಗೆ ಐದು ತಂತಿ ಅಂಟಿಸಿದರು. ತಂತಿಗಳ ಇನ್ನೊಂದು ತುದಿ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಟಿಕ್ ಟಿಕ್ ಎಂದಿತು.

"ಎಪ್ಪತ್ತೆರಡು," ಎಂದರು ಡಾಕ್ಟರು. ಅವರ ದನಿಯಲ್ಲಿ ನಿರಾಸೆಯಿತ್ತು. "ಇದೇನ್ರೀ, ಇದು ಎಲ್ಲರ ಹಾಗೇ ಇದೆ!"

ಅಷ್ಟರಲ್ಲಿ ನರ್ಸಿನ ಟ್ಯಾಬ್ ಕಿರುಚಿಕೊಂಡಿತು. ಅವಳು ನೋಡಿ ಬೆಚ್ಚಿದಳು. "ಡಾಕ್ಟರ್, ಇಲ್ಲಿ ಇವರದ್ದೇ ಬಡಿತ ನೂರಾ ನಲವತ್ತು ತೋರಿಸ್ತಾ ಇದೆ!"

"ಒಂದೇ ಎದೆ, ಎರಡು ಬಡಿತವಾ? ವಾಚು ಎಲ್ಲಿ?"

ಅಪಿಸಾಲೋಮೆ ಎಡಗೈಯನ್ನು ಚಾಪೆಯ ಕೆಳಗೆ ತೂರಿಸಿದ. "ವಾಚು... ಮನೆಯವರ ಹತ್ರಾನೇ ಇದೆ."

"ಯಾವ ಮನೆಯವರು?"

ಮೆರೆವಲೇಸಿ ಕಿಟಕಿಯಿಂದ ತಲೆ ಹೊರಹಾಕಿ, "ಪಾದ್ರಿಗಳೇ, ವಾಚು ನಿಮ್ಮ ಹತ್ರ ಇದೆಯಾ?" ಎಂದು ಕೂಗಿದಳು. ಚರ್ಚಿನಿಂದ, "ರಸಿಯಾತೆಗೆ ಕೊಟ್ಟೆನಮ್ಮಾ!" ಎಂದು ದನಿ ಬಂತು. ಹಂದಿಯ ಗುಂಡಿಯ ಕಡೆಯಿಂದ ರಸಿಯಾತೆ ಗುಡುಗಿದ: "ಎಮೋರಿ ಮಾವಂಗೆ ಕೊಟ್ಟು ನಾಲ್ಕು ದಿನ ಆಯ್ತು!"

ಡಾಕ್ಟರು ಒಬ್ಬೊಬ್ಬರ ದನಿ ಬಂದ ಕಡೆಗೂ ತಿರುಗಿ ನೋಡುತ್ತಿದ್ದರು. ಅವರ ಬಾಯಿ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಳ್ಳುತ್ತಿತ್ತು.

"ಎಮೋರಿ ಎಲ್ಲಿ?" ಎಂದ ಅಪಿಸಾಲೋಮೆ ಎದ್ದು ಕೂತು.

ನಾನು ತಲೆ ತಗ್ಗಿಸಿ ಹೇಳಿದೆ. "ಬೋಟು ತಗೊಂಡು ಹೋದ, ಕ್ಯಾಪ್ಟನ್. ಮಕ್ಕಳನ್ನ ತರೋಕೆ."

"ನೂರಾ ಅರವತ್ತು," ಎಂದಳು ನರ್ಸ್. "ನೂರಾ ಎಪ್ಪತ್ತು."

ಗೋಡೆಯ ಗಡಿಯಾರ ಹೋಗಿತ್ತು. ಅಪಿಸಾಲೋಮೆ ಡಾಕ್ಟರ ಕೈ ಹಿಡಿದು ತಿರುಗಿಸಿ ಅವರ ವಾಚು ನೋಡಿದ. ಮೂರು ಹೊಡೆದು ಐದು ನಿಮಿಷ. ಆಮೇಲೆ ಜಗುಲಿಯ ಕಡೆ, ಪರದೆಯಿಲ್ಲದ ಬರೀ ಹಗ್ಗದ ಕಡೆ ನೋಡಿದ.

"ಅಯ್ಯೋ ದೇವರೇ! ಸಂದಿ ಬಾಯಲ್ಲಿ ಇದಾನೆ. ಪರದೆ ಹುಡುಕ್ತಾ ಇದಾನೆ. ಅದರ ಮೇಲೇ ಕೂತಿದಾನೆ, ಬಡ್ಡೀಮಗ!"

ನೂರಾ ಹದಿನೆಂಟು ಕಿಲೋ ಬಾಗಿಲಿನಿಂದ ಹಾರಿತು. ಎದೆಯ ತಂತಿ ಬಿಚ್ಚಲು ಪುರುಸೊತ್ತಿರಲಿಲ್ಲ. ಸರ್ಕಾರದ ಪೆಟ್ಟಿಗೆ ನೆಲಕ್ಕೆ ಬೀಳಬಾರದೆಂದು ಡಾಕ್ಟರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆಯೇ ಓಡಿದರು. ತಂತಿ ಇದ್ದದ್ದು ಎರಡು ಮೊಳ. ಮದುವೆಯಲ್ಲಿ ಸೆರಗಿಗೆ ಗಂಟು ಹಾಕಿಸಿಕೊಂಡವರ ಹಾಗೆ ಇಬ್ಬರೂ ಮರಳು ದಾಟಿದರು. ಅವರ ಹಿಂದೆ ಟ್ಯಾಬ್ ಹಿಡಿದ ನರ್ಸ್, ಅವಳ ಹಿಂದೆ ನಾನು, ನನ್ನ ಹಿಂದೆ ಊರು. ಎರಡನೇ ದನಿಯವರು ಆಗಲೇ ಶೋಕಗೀತೆ ಎತ್ತಿಕೊಂಡಿದ್ದರು.

ನೀರು ಇಳಿದಾಗ ದಿಬ್ಬದ ಮೇಲೆ ಮೊಣಕಾಲುದ್ದ ನೀರಿರುತ್ತದೆ, ನಡೆದೇ ಹೋಗಬಹುದು. ಅಪಿಸಾಲೋಮೆ ಎಲ್ಲಿ ಕಾಲಿಡಬೇಕೆಂದು ನೋಡದೆಯೇ ಓಡಿದ. ಡಾಕ್ಟರ ಟೈ ಭುಜದ ಮೇಲೆ, ಸುಲು ಸೊಂಟದಲ್ಲಿ, ಪೆಟ್ಟಿಗೆ ತಲೆಯ ಮೇಲೆ. ಸಂದಿಯ ಆ ಬಾಯಲ್ಲಿ ನಮ್ಮ ಬೋಟು ಅಡ್ಡಡ್ಡ ತೇಲುತ್ತಿತ್ತು. ಮಕ್ಕಳು ಒಂದೇ ಮುದ್ದೆಯಾಗಿ ಕೂತಿದ್ದರು. ಚಿಕ್ಕವಳೊಬ್ಬಳು ಅಳುತ್ತಿದ್ದುದು ಇಲ್ಲಿಯವರೆಗೆ ಕೇಳುತ್ತಿತ್ತು. ಬಿಳಿ ನೊರೆ ಬೋಟಿನ ಪಕ್ಕಕ್ಕೇ ಬಡಿಯುತ್ತಿತ್ತು. ಎಮೋರಿ ಹಣೆಗೆ ಕೈ ಅಡ್ಡ ಹಿಡಿದು ನಮ್ಮೂರಿನ ಜಗುಲಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದ.

"ಪರದೆ ಕಾಣಿಸ್ತಿಲ್ಲ ಭಾವಾ!" ಎಂದು ಕೂಗಿದ.

"ಪರದೆ ಸುಡ್ಲಿ! ನನ್ನ ನೋಡು! ನಾನೇ ಪರದೆ!"

ಅಪಿಸಾಲೋಮೆ ಸಂದಿಯ ಅಂಚಿಗೆ ಹೋಗಿ, ಗೋಪುರದ ನೇರಕ್ಕೆ ನಿಂತು, ಎರಡೂ ಕೈ ಅಗಲಿಸಿದ. ಸಣ್ಣ ಗಾತ್ರವೇ? ಕಾಣದಿರಲು ಸಾಧ್ಯವಿರಲಿಲ್ಲ. "ಮೂತಿ ಎಡಕ್ಕೆ! ಎಂಜಿನ್ ಮೆಲ್ಲಗೆ! ಅಲೆ ಬರ್ಲಿ, ಬರ್ಲಿ, ಈಗ ಬಿಡು!" ದನಿ ಒಂದಿಷ್ಟೂ ನಡುಗಲಿಲ್ಲ. ಮಕ್ಕಳ ಹೆಸರು ಹಿಡಿದು, "ಅಕಾನೇಸಿ, ಅಳಬೇಡ ಪುಟ್ಟಿ, ಪುಸ್ತಕ ಎತ್ತಿ ಹಿಡ್ಕೋ" ಎಂದ. ಬೋಟು ಅಲೆಯ ಬೆನ್ನೇರಿ, ಅವನ ಮೊಣಕಾಲಿಗೆ ನೀರು ಚಿಮ್ಮಿಸುತ್ತ ಒಳಗೆ ಜಾರಿತು. ನನಗೆ ಆಗ ಅಳು ಬಂತು, ಅದನ್ನು ಮುಚ್ಚಿಡುವುದೇಕೆ?

ಡಾಕ್ಟರು ತಲೆಯ ಮೇಲಿನ ಪೆಟ್ಟಿಗೆ ಇಳಿಸಿ ನೋಡಿದರು. "ನೂರಾ ಹನ್ನೆರಡು. ಅಷ್ಟು ದೂರ ಓಡಿ, ಇಷ್ಟೆಲ್ಲ ಕೂಗಿ, ಬರೀ ನೂರಾ ಹನ್ನೆರಡು! ನನ್ನದೇ ಇನ್ನೂರರ ಹತ್ತಿರ ಇರಬೇಕು."

"ಬೋಟಲ್ಲಿರೋರದ್ದು ನೂರಾ ತೊಂಬತ್ತೊಂದು," ಎಂದಳು ನರ್ಸ್, ಹಲ್ಲು ಕಚ್ಚಿ.

ದಡದಲ್ಲಿ ವಿಚಾರಣೆಯಾಯಿತು. ಈ ವಾಚು ಯಾರು ಯಾರು ಕಟ್ಟಿದ್ದಿರಿ, ಕೈ ಎತ್ತಿ ಎಂದರು ಡಾಕ್ಟರು. ಮೊದಲು ಮೆರೆವಲೇಸಿ, ಆಮೇಲೆ ರಸಿಯಾತೆ, ಪಾದ್ರಿಗಳು ಅರ್ಧ ಕೈ. ನೋಡುತ್ತ ನೋಡುತ್ತ ಇಡೀ ಊರೇ ಕೈ ಎತ್ತಿತು.

"ಮೇಜಿನ ಮೇಲೆ ಇಡಬೇಡಿ ಅಂದಿದ್ದೆ!" ಎಂದು ನರ್ಸ್ ಅತ್ತೇಬಿಟ್ಟಳು.

"ಒಂದು ಗಳಿಗೆನೂ ಇಟ್ಟಿಲ್ಲಮ್ಮ," ಎಂದ ಅಪಿಸಾಲೋಮೆ ಕೈಮುಗಿದು.

ಡಾಕ್ಟರು ಸುಲು ಕೆಳಗಿಳಿಸಿ ಟೈ ಸರಿಮಾಡಿಕೊಂಡರು. ಅವರೂ ಫಿಜಿಯವರೇ ತಾನೆ? ಅವರ ಮನೆಯ ಕುರ್ಚಿಗಳೂ ಎಲ್ಲೆಲ್ಲಿವೆಯೋ. ಕೊನೆಗೆ ಹೇಳಿದರು: "ಒಬ್ಬನ ಎದೆ ನೋಡೋಕೆ ಬಂದೆ, ಊರಿನ ಎದೆಯೆಲ್ಲ ನೋಡಿದ ಹಾಗಾಯ್ತು. ಪಾದ್ರಿಗಳೇ, ಉಪದೇಶ ಅರ್ಧಕ್ಕೆ ಇಳಿಸಿ. ಎಮೋರಿ, ನೀನು ಯಂಗೋನಾ ಅರ್ಧಕ್ಕೆ ಇಳಿಸು. ಕ್ಯಾಪ್ಟನ್ ಹೃದಯ ನನ್ನ ಕಣ್ಣೆದುರಿಗೇ ಪರೀಕ್ಷೆ ಆಯ್ತು. ಲೈಸೆನ್ಸಿಗೆ ನಾನು..."

"ಒಂದು ನಿಮಿಷ, ಡಾಕ್ಟರೇ," ಎಂದು ಎಮೋರಿ ಮುಂದೆ ಬಂದ. ಟೋಪಿ ಕೈಯಲ್ಲಿತ್ತು, ಮುಖ ಬಿಳಿಚಿತ್ತು. ಅಪಿಸಾಲೋಮೆಯ ಎದುರು ಮರಳಿನ ಮೇಲೆ ಕೂತು, ತಲೆ ತಗ್ಗಿಸಿ, ಮೂರು ಸಲ ಚಪ್ಪಾಳೆ ತಟ್ಟಿದ. "ಭಾವ, ಇವತ್ತು ಎಲ್ಲರೆದುರಿಗೆ ಬೋಟಿಂದ ಇಳಿದ್ರೆ ನನ್ನ ಮಾನ ಉಳಿಯಲ್ಲ. ಕ್ರಿಸ್‌ಮಸ್ ತನಕ ನಡೆಸ್ತೀನಿ. ಭಾವ, ಕೆರೆಕೆರೆ."

ಅಪಿಸಾಲೋಮೆ ಎಮೋರಿಯನ್ನು ನೋಡಿದ. ಪುಸ್ತಕ ಇನ್ನೂ ತಲೆಯ ಮೇಲೆ ಹಿಡಿದು ನಿಂತಿದ್ದ ಅಕಾನೇಸಿಯನ್ನು ನೋಡಿದ. ಎದೆಯ ತಂತಿ ಇನ್ನೂ ಬಿಚ್ಚಿರಲಿಲ್ಲ; ಡಾಕ್ಟರ ಕೈಯಲ್ಲಿ ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತಿದ್ದದ್ದು ಟಿಕಟಿಕ ಎನ್ನತೊಡಗಿತು.

"ನೂರಾ ಮೂವತ್ತು," ಎಂದರು ಡಾಕ್ಟರು. "ನೂರಾ ಐವತ್ತು. ಕ್ಯಾಪ್ಟನ್, ಕೂತ್ಕೊಳ್ಳಿ. ನೂರಾ ಎಪ್ಪತ್ತು!"

ಅಪಿಸಾಲೋಮೆಯ ಹಣೆಯಿಂದ ಬೆವರು ಹರಿಯಿತು. "ಟೋಪಿ ಇಟ್ಕೋ ಎಮೋರಿ," ಎಂದ. "ಕುರ್ಚಿ ಇಟ್ಕೋ, ಕೋಳಿ ಇಟ್ಕೋ. ಬೋಟು... ಮಕ್ಕಳು..." ಕಣ್ಣು ಮುಚ್ಚಿಕೊಂಡ. "ಕೊಡಲ್ಲ."

ಪೆಟ್ಟಿಗೆ ಹಡಗಿನ ಸೈರನ್ನಿನ ಹಾಗೆ ಕೂಗಿಕೊಂಡಿತು. ಮುಖಂಡನ ತಾಯಿ ಕುಸಿದು ಕೂತಳು. ಅಪಿಸಾಲೋಮೆಯೂ ದೊಪ್ಪನೆ ಕೂತ. ಎಮೋರಿ ದಂಗಾಗಿ ಎಲ್ಲರ ಮುಖ ನೋಡಿದ, ಆಮೇಲೆ ತನ್ನ ಕೈಯಿಂದಲೇ ವಾಚು ಬಿಚ್ಚಿ ಭಾವನ ಕೈಗೆ ಕಟ್ಟಿ, ಬೆನ್ನು ನೀವತೊಡಗಿದ. "ಬೇಡ ಭಾವ, ಬೇಡ, ಸಾಯಬೇಡ, ನೀನೇ ನಡೆಸು," ಎಂದು ಗೊಳೋ ಎಂದ.

ಡಾಕ್ಟರು ಎರಡು ಕಾಗದ ಬರೆದರು. ಒಂದು ಲೈಸೆನ್ಸಿನ ಕಚೇರಿಗೆ: ಇವರ ಹೃದಯ ಮಕ್ಕಳನ್ನು ಕರೆದೊಯ್ಯಲು ಯೋಗ್ಯ. ಅದನ್ನು ತಾವೇ ಜೇಬಿನಲ್ಲಿಟ್ಟುಕೊಂಡು ಹೋದರು. ಇನ್ನೊಂದಕ್ಕೆ ಮೊಹರು ಒತ್ತಿ ಅಪಿಸಾಲೋಮೆಯ ಬಾಗಿಲಿಗೆ ಅಂಟಿಸಿದರು: "ಇಲ್ಲ ಎನ್ನುವುದು ಈ ರೋಗಿಯ ಹೃದಯಕ್ಕೆ ಅಪಾಯಕಾರಿ. ಆದ್ದರಿಂದ ಇವರನ್ನು ಯಾರೂ ಏನನ್ನೂ ಕೇಳತಕ್ಕದ್ದಲ್ಲ." ಮೆರೆವಲೇಸಿ ಮಾರನೆಯ ದಿನವೇ ಮನೆಮನೆಗೂ ಹೋಗಿ, ಎದುರಿಗೆ ಕೂತು ಚಪ್ಪಾಳೆ ತಟ್ಟಿ, ತನ್ನ ಕುರ್ಚಿಗಳನ್ನೇ ಕೆರೆಕೆರೆ ಎಂದು ಕೇಳಿದಳು. ಅವರೂ ಇಲ್ಲ ಎನ್ನುವ ಹಾಗಿರಲಿಲ್ಲವಲ್ಲ! ಒಂದು ಕೋಳಿ ಬಿಟ್ಟು ಎಲ್ಲ ಬಂತು. ಕೆಂಪು ಪರದೆ ಮತ್ತೆ ಜಗುಲಿಗೆ ಏರಿತು.

ಆಮೇಲಿನ ಹತ್ತು ದಿನ ಅಪಿಸಾಲೋಮೆಯ ಬಾಗಿಲಿಗೆ ಯಾರೂ ಕೇಳಿಕೊಂಡು ಬರಲಿಲ್ಲ. ಬಂದವರು ಕಾಗದ ಓದಿ, ತಲೆ ಆಡಿಸಿ, ನನ್ನ ಮನೆಗೆ ಬರತೊಡಗಿದರು. ಹನ್ನೆರಡರ ಸ್ಪ್ಯಾನರ್ ಹೋಯಿತು, ಸುತ್ತಿಗೆ ಹೋಯಿತು. ಹತ್ತನೆಯ ದಿನ ನಾನು ತಡೆಯಲಾರದೆ ಅವನ ಜಗುಲಿಗೆ ಹೋಗಿ ಕೂತೆ.

"ಕ್ಯಾಪ್ಟನ್, ನಿನ್ನ ಕೇಳಬಾರದು, ಗೊತ್ತು. ಆ ಬಾಗಿಲಿನ ಕಾಗದ... ಕೆರೆಕೆರೆ."

ಅವನು ಎದ್ದು, ಉಗುರಿನಿಂದ ನಾಲ್ಕೂ ಮೂಲೆ ಮೆಲ್ಲಗೆ ಬಿಡಿಸಿ, ಕಾಗದ ನನ್ನ ಕೈಗಿಟ್ಟ. ಭಯವಾಗಿ ನಾನು ಅವನ ನಾಡಿ ಹಿಡಿದು ಎಣಿಸಿದೆ. ಎಪ್ಪತ್ತೆರಡು.

ಆ ಕಾಗದ ನನ್ನ ಬಾಗಿಲಲ್ಲಿ ಎರಡು ದಿನ ಇತ್ತು. ಮೂರನೆಯ ದಿನ ಪಾದ್ರಿಗಳು ಕೆಮ್ಮುತ್ತ ಬಂದರು.